ಬಜೆಟ್ ಹೋಟೆಲ್ ರೂಮು ಕೈಕೊಡುವುದು ಎಲ್ಲೆಲ್ಲಿ? ಬ್ಯಾಗ್ ಬಿಚ್ಚುವ ಮೊದಲು ಏನು ನೋಡಬೇಕು?

ಹಗುರಬ್ಯಾಗು:
ಕಡಿಮೆ ದರದ ಹೋಟೆಲು, ಎರಡು ರಾತ್ರಿ, ಆ್ಯಪ್‌ನಲ್ಲಿ ಮುಂಗಡ ಪಾವತಿ. ತಕರಾರುಗಳು ಇವು: ಬಚ್ಚಲಿನಿಂದ ಚರಂಡಿ ವಾಸನೆ. ಶವರ್‌ನಲ್ಲಿ ಬಿಸಿನೀರು ಮೂರೇ ನಿಮಿಷ. ಎಸಿ ಮಧ್ಯರಾತ್ರಿವರೆಗೆ ಸರಿಯಾಗಿದ್ದು ಆಮೇಲೆ ತಣ್ಣನೆ ಗಾಳಿ ನಿಂತು ನೀರು ತೊಟ್ಟಿಕ್ಕಲು ಶುರು. ಹಾಸಿಗೆಯ ಹೊಲಿಗೆಯಲ್ಲಿ ಕಪ್ಪು ಚುಕ್ಕಿಗಳು. ಪಕ್ಕದ ರೂಮಿನ ಟಿವಿ ಪದ ಪದವೂ ಕೇಳುತ್ತದೆ. ಹಣ ವಾಪಸ್ ಕೇಳಿದರೆ ‘ನಾನ್-ರಿಫಂಡಬಲ್’ ಎಂಬ ಒಂದೇ ಮಾತು.

ಬೈಗುಳದ ಉದ್ದೇಶವಿಲ್ಲ, ಹೋಟೆಲಿನ ಹೆಸರೂ ಬೇಡ. ಇವು ಯಾಕೆ ಆಗುತ್ತವೆ, ಕೀಲಿ ಕೈಗೆ ಬಂದ ಹತ್ತು ನಿಮಿಷದಲ್ಲಿ ಯಾವುದನ್ನೆಲ್ಲ ಪತ್ತೆ ಮಾಡಬಹುದಿತ್ತು? ಕೆಲಸ ಗೊತ್ತಿರುವವರು ಹೇಳಿ.

ಮುಕ್ಕಾಲಿಂಚು:
ವಾಸನೆಯಿಂದ ಶುರು ಮಾಡೋಣ. ನಿಮ್ಮ ಪಟ್ಟಿಯಲ್ಲಿ ಅತಿಥಿ ತಾನೇ ಸರಿಮಾಡಬಹುದಾದದ್ದು ಇದೊಂದೇ.

ಬಚ್ಚಲ ಜಾಲರಿಯ ಕೆಳಗೆ, ವಾಶ್ ಬೇಸಿನ್ನಿನ ಕೆಳಗೆ ಟ್ರ್ಯಾಪ್ ಇರತ್ತೆ. ಅದರಲ್ಲಿ ಸುಮಾರು 50 ಮಿಲಿಮೀಟರ್ ಎತ್ತರಕ್ಕೆ ನೀರು ಯಾವಾಗಲೂ ನಿಂತಿರಬೇಕು. ಚರಂಡಿಯ ಗಾಳಿಗೂ ನಿಮ್ಮ ಮೂಗಿಗೂ ನಡುವೆ ಇರೋದು ಆ ನೀರು ಮಾತ್ರ. ರೂಮು ಕೆಲವು ವಾರ ಖಾಲಿ ಬಿದ್ದಿದ್ದರೆ ನೀರು ಆರಿಹೋಗತ್ತೆ. ಶವರಿನ ಜಾಗ ಬಿಟ್ಟು ಬೇರೆ ಮೂಲೆಯಲ್ಲಿ ಇನ್ನೊಂದು ಜಾಲರಿ ಇದ್ದರೆ ಅದನ್ನೇ ಮೊದಲು ಅನುಮಾನಿಸಿ, ಅದಕ್ಕೆ ದಿನಾ ನೀರು ಬೀಳೋದೇ ಇಲ್ಲ.

ಮಾಡಬೇಕಾದ್ದು: ಪ್ರತಿ ಜಾಲರಿಗೂ ಎರಡು ಮೂರು ಲೀಟರ್ ನೀರು ನಿಧಾನಕ್ಕೆ ಸುರಿಯಿರಿ, ಬೇಸಿನ್ ನಲ್ಲಿಯನ್ನು ಅರ್ಧ ನಿಮಿಷ ಬಿಡಿ, ಕಮೋಡ್ ಒಮ್ಮೆ ಫ್ಲಷ್ ಮಾಡಿ, ಎಕ್ಸಾಸ್ಟ್ ಹಾಕಿ ಬಾಗಿಲು ಮುಚ್ಚಿ. ಕಾಲು ಗಂಟೆಯಲ್ಲಿ ವಾಸನೆ ಹೋಯಿತು ಅಂದ್ರೆ ಒಣಗಿದ ಟ್ರ್ಯಾಪ್, ಅಷ್ಟೇ. ಹೋಗಲಿಲ್ಲ ಅಂದ್ರೆ ಈ ಮೂರರಲ್ಲಿ ಒಂದು. ನೀರು ಬೇಗ ಇಳಿಯಲಿ ಅಂತ ಟ್ರ್ಯಾಪಿನೊಳಗಿನ ಬಟ್ಟಲನ್ನೇ ಯಾರೋ ಕಿತ್ತಿಟ್ಟಿದ್ದಾರೆ. ಇಲ್ಲವೇ ವೆಂಟ್ ಪೈಪ್, ಅಂದ್ರೆ ಚರಂಡಿ ಪೈಪಿಗೆ ಗಾಳಿಯಾಡಲು ಇರೋ ಕೊಳವೆ, ಕಟ್ಟಿಕೊಂಡಿದೆ: ಮೇಲಿನ ಮಹಡಿಯಲ್ಲಿ ಫ್ಲಷ್ ಮಾಡಿದಾಗ ನಿಮ್ಮ ಜಾಲರಿ ಗುಳುಗುಳು ಅನ್ನತ್ತೆ, ಟ್ರ್ಯಾಪಿನ ನೀರನ್ನು ಅದು ಎಳಕೊಂಡು ಹೋಗತ್ತೆ. ಅಥವಾ ಕಮೋಡಿನ ಬುಡದ ಸೀಲ್ ಹೋಗಿದೆ, ಆಗ ಕಮೋಡು ಸ್ವಲ್ಪ ಅಲುಗಾಡತ್ತೆ, ಬುಡದ ಸುತ್ತ ತೇವ ಇರತ್ತೆ. ಮೂರೂ ನಿಮ್ಮ ಕೈಲಿ ಆಗುವಂಥದ್ದಲ್ಲ, ರೂಮು ಬದಲಿಸಿ.

ಬದಲಿಸುವಾಗ ಒಂದು ಗಮನಿಸಿ. 204ರ ಬದಲು 304 ಕೊಟ್ಟರೆ ತಗೋಬೇಡಿ. ಒಂದರ ಮೇಲೊಂದು ಇರುವ ಬಾತ್‌ರೂಮುಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಇಳಿಪೈಪು. ವೆಂಟ್ ತೊಂದರೆ ಇದ್ದರೆ ಆ ಸಾಲಿಗೆಲ್ಲ ಇರತ್ತೆ.

ಎಕ್ಸಾಸ್ಟ್ ಕೆಲಸ ಮಾಡುತ್ತಾ ಅಂತ ಶಬ್ದ ಕೇಳಿ ನಂಬಬೇಡಿ. ಒಂದು ಪದರ ಟಿಶ್ಯೂ ಹಿಡಿದರೆ ಅದು ಜಾಲರಿಗೆ ಅಂಟಿಕೊಂಡು ನಿಲ್ಲಬೇಕು. ಬಿದ್ದರೆ ಫ್ಯಾನು ತಿರುಗುತ್ತಿದೆಯೇ ಹೊರತು ಗಾಳಿ ಹೋಗುತ್ತಿಲ್ಲ. ಚಾವಣಿಯ ಮೂಲೆಯಲ್ಲಿ ಕಪ್ಪು ಬೂಷ್ಟು ಇದ್ದ ಕಡೆ ಎಷ್ಟೋ ಸಲ ಇದೇ ಕಾರಣ.

ಕಿಟಕಿಸೀಟು:
ಬಾಗಿಲು ತೆಗೆದ ತಕ್ಷಣ ಗಮ್ಮೆನ್ನುವ ಪರಿಮಳ ಬಂದರೆ ಅದೂ ಒಂದು ಸೂಚನೆ ಅಲ್ವಾ?

ಮುಕ್ಕಾಲಿಂಚು:
ಹೌದು. ಆಗ ರೂಮಿನಿಂದ ಹೊರಗೆ ಬಂದು ಐದು ನಿಮಿಷ ಕಾರಿಡಾರಿನಲ್ಲಿ ನಿಂತು ಮತ್ತೆ ಒಳಗೆ ಹೋಗಿ. ಮೂಗು ಒಂದು ವಾಸನೆಗೆ ಬೇಗ ಒಗ್ಗಿಹೋಗತ್ತೆ, ಆಮೇಲೆ ಅಡಿಯಲ್ಲಿ ಏನಿದೆ ಅಂತ ತಿಳಿಯಲ್ಲ. ಪರಿಮಳದ ಕೆಳಗೆ ಸಿಗೋದು ಸಾಮಾನ್ಯವಾಗಿ ಮೂರು: ಸಿಗರೇಟು, ತೇವದ ಕಾರ್ಪೆಟ್, ಚರಂಡಿ. ಸಿಗರೇಟಾದರೆ ಪರದೆಯನ್ನು ಮೂಸಿ ನೋಡಿ. ಬೆಡ್‌ಶೀಟ್ ಆಗಾಗ ಬದಲಾಗತ್ತೆ, ಪರದೆ ಆಗಲ್ಲ.

ವ್ಯಾಟ್‌ಲೆಕ್ಕ:
ಬಿಸಿನೀರು ಮೂರು ನಿಮಿಷ ಬಂದದ್ದು ಗೀಸರ್ ಕೆಟ್ಟಿದ್ದರಿಂದ ಅಲ್ಲ. ಅದು ಸರಿಯಾಗಿಯೇ ಕೆಲಸ ಮಾಡಿದೆ, ಅಳತೆಯೇ ಅಷ್ಟು.

ಇಂಥ ರೂಮುಗಳಲ್ಲಿ ಹಾಕುವುದು ಹೆಚ್ಚಾಗಿ 15 ಲೀಟರಿನ, 2 ಕಿಲೋವ್ಯಾಟ್ ಸ್ಟೋರೇಜ್ ಗೀಸರ್. 20 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಸುಮಾರು 2,500 ಕಿಲೋಜೂಲ್ ಬೇಕು, 2 ಕಿಲೋವ್ಯಾಟಿನಲ್ಲಿ ಅದಕ್ಕೆ 21 ನಿಮಿಷ. 60 ಡಿಗ್ರಿಯ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿ, ಅಂದರೆ ಸ್ನಾನದ ಹದ. ಒಟ್ಟು 30 ಲೀಟರ್. ಶವರ್ ನಿಮಿಷಕ್ಕೆ 9 ಲೀಟರ್ ಬಿಟ್ಟರೆ ಮೂರೂಕಾಲು ನಿಮಿಷ. ವಾಸ್ತವದಲ್ಲಿ ಇನ್ನೂ ಕಡಿಮೆ, ಯಾಕೆಂದರೆ ನೀವು ಬಳಸುತ್ತಿರುವಾಗಲೇ ಟ್ಯಾಂಕಿಗೆ ತಣ್ಣೀರು ತುಂಬುತ್ತಿರುತ್ತದೆ. ಅದೇ 30 ಲೀಟರನ್ನು ಬಕೆಟ್ಟಿಗೆ ಹಿಡಿದರೆ ಒಬ್ಬರ ಸ್ನಾನ ಧಾರಾಳವಾಗಿ ಆಗುತ್ತದೆ. ಇಬ್ಬರಿದ್ದರೆ ನಡುವೆ 20–25 ನಿಮಿಷ ಬಿಡಿ.

ಗೋಡೆಯ ಮೇಲಿರುವುದು ಚಿಕ್ಕ ಇನ್‌ಸ್ಟಂಟ್ ಗೀಸರ್ ಆದರೆ ಲೆಕ್ಕ ಬೇರೆ. 3 ಕಿಲೋವ್ಯಾಟಿನದು ನೀರನ್ನು 20 ಡಿಗ್ರಿ ಏರಿಸಿ ಕೊಡಬೇಕಾದರೆ ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ ಮಾತ್ರ ಸಾಧ್ಯ. ನಲ್ಲಿ ಪೂರ್ತಿ ತಿರುಗಿಸಿದರೆ ಉಗುರುಬೆಚ್ಚಗೆ ಬರುತ್ತದೆ. ಸಣ್ಣ ಧಾರೆ ಬಿಟ್ಟು ಬಕೆಟ್ ತುಂಬಿಸುವುದೊಂದೇ ದಾರಿ.

ಮೂರನೆಯದು ಸೆಂಟ್ರಲ್ ವ್ಯವಸ್ಥೆ. ಬಿಸಿನೀರು ಬರುವ ಪೈಪಿನ ಒಳವ್ಯಾಸ 15 ಮಿಲಿಮೀಟರ್ ಇದ್ದರೆ ಮೀಟರಿಗೆ 0.18 ಲೀಟರ್ ಹಿಡಿಯುತ್ತದೆ. ಬಾಯ್ಲರಿನಿಂದ ನಿಮ್ಮ ರೂಮಿಗೆ 30 ಮೀಟರ್ ಎಂದರೆ ಮೊದಲ ಐದಾರು ಲೀಟರ್ ಪೈಪಿನಲ್ಲಿ ತಣ್ಣಗಾಗಿ ನಿಂತಿದ್ದ ನೀರೇ. ದಪ್ಪ ಪೈಪಾದರೆ ಇನ್ನೂ ಹೆಚ್ಚು. ಪೈಪಿನ ನೀರನ್ನು ಬಾಯ್ಲರಿಗೆ ಮರಳಿ ಸುತ್ತಿಸುವ ಲೈನ್ ಇಲ್ಲದ ಕಟ್ಟಡದಲ್ಲಿ ಕೊನೆಯ ರೂಮಿನವರಿಗೆ ಇದು ನಿತ್ಯದ ಪಾಡು. ಎರಡು ನಿಮಿಷ ಬಿಟ್ಟು ನೋಡಿ, ಆಮೇಲೆ ದೂರು ಕೊಡಿ.

ರಾತ್ರಿಪಾಳಿ:
ಇದಕ್ಕೆ ಒಂದು ಸೇರಿಸಬೇಕು. ಬಹಳ ದಿನ ಮುಚ್ಚಿದ್ದ ರೂಮಿನಲ್ಲಿ ಶವರ್‌ ಅನ್ನು ಮೊದಲ ಎರಡು ಮೂರು ನಿಮಿಷ ಹಾಗೇ ಬಿಟ್ಟು, ಎಕ್ಸಾಸ್ಟ್ ಹಾಕಿ, ನೀವು ಬಾತ್‌ರೂಮಿನ ಹೊರಗೆ ಇರಿ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಶವರಿನ ಸಣ್ಣ ಹನಿಗಳ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ‘ಅಮೆರಿಕನ್ ಲೀಜನ್’ ಸಂಘದ ಸಮಾವೇಶಕ್ಕೆ ಸೇರಿದ್ದ ಮಾಜಿ ಸೈನಿಕರಲ್ಲಿ ಕಾಣಿಸಿಕೊಂಡ ರೋಗದಿಂದಲೇ ಆ ಹೆಸರು ಬಂದದ್ದು. ಟ್ಯಾಂಕನ್ನು 60 ಡಿಗ್ರಿಯಲ್ಲಿಡಿ ಎನ್ನುವುದು ಆ ಕಾರಣಕ್ಕೇ. ವಿದ್ಯುತ್ ಉಳಿಸಲು 45ಕ್ಕೆ ಇಳಿಸಿಡುವುದು ಒಳ್ಳೆಯ ಯೋಚನೆ ಅಲ್ಲ.

ಇನ್ನೊಂದು, ಇದು ತಮಾಷೆಯಲ್ಲ: ಬಾತ್‌ರೂಮಿನ ಒಳಗೇ ಗ್ಯಾಸ್ ಗೀಸರ್ ಇದ್ದು ಹೊಗೆ ಹೋಗಲು ಹೊರಗಿನವರೆಗೆ ಕೊಳವೆ ಇಲ್ಲದಿದ್ದರೆ ಅದನ್ನು ಹಚ್ಚಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ತಲೆ ಸುತ್ತಿತು ಅನ್ನುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ಬಕೆಟ್ ಬಿಸಿನೀರು ತರಿಸಿಕೊಳ್ಳಿ ಅಥವಾ ರೂಮು ಬಿಡಿ.

ಶೀತಲಸಮರ:
ಎಸಿ ವಿಷಯಕ್ಕೆ ಬರ್ತೀನಿ. ‘ಮಧ್ಯರಾತ್ರಿವರೆಗೆ ಸರಿ ಇತ್ತು, ಆಮೇಲೆ ನೀರು’ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಒಳಗಿನ ಕಾಯಿಲ್, ಅಂದ್ರೆ ಗಾಳಿ ತಣ್ಣಗೆ ಮಾಡೋ ಕೊಳವೆ ಸುರುಳಿ, ಅದರ ಮೇಲೆ ಮಂಜುಗಡ್ಡೆ ಕಟ್ಟಿದೆ.

ಫಿಲ್ಟರಿನಲ್ಲಿ ಧೂಳು ತುಂಬಿದಾಗ ಕಾಯಿಲ್ ಮೇಲೆ ಹಾಯೋ ಗಾಳಿ ಕಡಿಮೆ ಆಗತ್ತೆ, ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯತ್ತೆ, ಗಾಳಿಯ ತೇವ ಅಲ್ಲೇ ಹೆಪ್ಪುಗಟ್ಟತ್ತೆ. ಎರಡು ಮೂರು ಗಂಟೆಯಲ್ಲಿ ಪೂರ್ತಿ ಮುಚ್ಚಿಹೋಗಿ ಗಾಳಿಯೇ ಬರಲ್ಲ. ಆಮೇಲೆ ಕಂಪ್ರೆಸರ್ ನಿಂತಾಗ ಆ ಗಡ್ಡೆಯೆಲ್ಲ ಒಟ್ಟಿಗೆ ಕರಗಿ ತಟ್ಟೆ ತುಂಬಿ ಹೊರಗೆ ಸುರಿಯತ್ತೆ. ಇಂಥ ಹೊತ್ತಲ್ಲಿ ಎಲ್ಲರೂ ಮಾಡೋದು ರಿಮೋಟ್‌ ಅನ್ನು 16ಕ್ಕೆ ಇಳಿಸೋದು. ಅದರಿಂದ ಇನ್ನಷ್ಟು ಗಡ್ಡೆ ಕಟ್ಟತ್ತೆ. ಮಾಡಬೇಕಾದ್ದು ಉಲ್ಟಾ: ಫ್ಯಾನ್ ಮೋಡಿಗೆ ಹಾಕಿ, ವೇಗ ಜಾಸ್ತಿ ಇಟ್ಟು, ಒಂದು ಗಂಟೆ ಕರಗಲು ಬಿಡಿ. ಅಡಿಯಲ್ಲಿ ಟವೆಲ್ ಹಾಸಿ. ಆಮೇಲೆ 25ರಲ್ಲಿ, ಫ್ಯಾನ್ ಜೋರಾಗಿಟ್ಟು ನಡೆಸಿ. ಬೆಳಗಿನವರೆಗೆ ದಾಟಿಸತ್ತೆ.

ನೀರು ಬೀಳೋಕೆ ಬೇರೆ ಕಾರಣಗಳೂ ಇವೆ, ಹೊತ್ತು ನೋಡಿ ಬೇರ್ಪಡಿಸಬಹುದು. ಹಾಕಿದ ಅರ್ಧ ಮುಕ್ಕಾಲು ಗಂಟೆಯಲ್ಲೇ, ತಣ್ಣನೆ ಗಾಳಿ ಚೆನ್ನಾಗಿ ಬರುತ್ತಿರುವಾಗಲೇ ತೊಟ್ಟಿಕ್ಕಿದರೆ ಡ್ರೈನ್ ಪೈಪಿನಲ್ಲಿ ಲೋಳೆ ಕಟ್ಟಿದೆ. ಫಿಲ್ಟರ್ ಚೊಕ್ಕಟ ಇದ್ದೂ ಗಡ್ಡೆ ಕಟ್ಟಿದರೆ ಗ್ಯಾಸ್ ಕಡಿಮೆ ಇದೆ, ಅದು ರಾತ್ರಿ ಯಾರಿಂದಲೂ ಸರಿಹೋಗಲ್ಲ. ರೂಮು ಕೇಳಿ.

ಬಂದ ತಕ್ಷಣದ ಪರೀಕ್ಷೆ: ಎಸಿಯ ಮುಂದಿನ ಮುಚ್ಚಳ ಎತ್ತಿ ಫಿಲ್ಟರ್ ನೋಡಿ, ಜಾಲರಿ ಬೆಳಕಿಗೆ ಕಾಣಬೇಕು, ಕಂಬಳಿ ಥರ ಇರಬಾರದು. 24ಕ್ಕೆ ಹಾಕಿ ಹದಿನೈದು ನಿಮಿಷ ಬಿಡಿ. ಒಳಗೆ ಎಳೆಯೋ ಗಾಳಿಗೂ ಹೊರಗೆ ಬಿಡೋ ಗಾಳಿಗೂ 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ದರೆ ಆರೋಗ್ಯವಾಗಿದೆ. ಥರ್ಮಾಮೀಟರ್ ಯಾರ ಹತ್ತಿರವೂ ಇರಲ್ಲ, ಗಾಳಿ ಬರುವ ಬಾಯಿಗೆ ಅಂಗೈ ಹಿಡಿದರೆ ಅರ್ಧ ನಿಮಿಷದಲ್ಲಿ ಚಳಿ ಅನ್ನಿಸಬೇಕು. ಹಾಕಿದ ಕೂಡಲೇ ಹಳೇ ಸಾಕ್ಸಿನ ವಾಸನೆ ಬಂದು ಐದು ನಿಮಿಷದಲ್ಲಿ ಹೋದರೆ ಕಾಯಿಲ್ ಮೇಲೆ ಪಾಚಿ ಥರದ ಪದರ ಇದೆ ಅಂತ. ಸರ್ವಿಸ್ ಕಂಡು ಬಹಳ ದಿನ ಆಗಿದೆ.

ಹಗುರಬ್ಯಾಗು:
ಕಾರ್ಡು ಸಿಕ್ಕಿಸಿದರೆ ಮಾತ್ರ ಕರೆಂಟ್ ಬರುವ ರೂಮು. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಒಲೆಯಂತಾಗಿರುತ್ತದೆ, ಚಾರ್ಜಿಗಿಟ್ಟ ಫೋನೂ ಹಾಗೇ. ಏನಾದರೂ ಉಪಾಯ?

ಶೀತಲಸಮರ:
ಎರಡನೇ ಕೀಕಾರ್ಡ್ ಕೇಳಿ, ಸಾಮಾನ್ಯವಾಗಿ ಕೊಡ್ತಾರೆ. ಅಗ್ಗದ ಸ್ಲಾಟುಗಳಲ್ಲಿ ಒಳಗೆ ಬರೀ ಸ್ವಿಚ್ಚು, ಯಾವ ಕಾರ್ಡ್ ಹಾಕಿದರೂ ನಡೆಯತ್ತೆ. ಚಿಪ್ ಓದುವ ಸ್ಲಾಟಿಗೆ ಆಟ ನಡೆಯಲ್ಲ. ಫ್ರಿಜ್ಜಿನ ಪ್ಲಗ್ ಎಷ್ಟೋ ಕಡೆ ಈ ಸ್ವಿಚ್ಚಿಗೆ ಸೇರಿರಲ್ಲ, ಫೋನನ್ನು ಅಲ್ಲಿಗೆ ಹಾಕಿ ನೋಡಿ. ಆದರೆ ಖಾಲಿ ರೂಮಿಗೆ ಇಡೀ ದಿನ ಎಸಿ ಓಡಿಸಬೇಡಿ, ಆ ಸ್ಲಾಟ್ ಬಂದದ್ದೇ ಅದಕ್ಕೆ.

ತಿಗಣೆಪುರಾಣ:
ಕಪ್ಪು ಚುಕ್ಕಿ ಅಂದಿರಿ. ಒದ್ದೆ ಟಿಶ್ಯೂ ಒತ್ತಿ ಒರೆಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಕಂದುಗೆಂಪು ಬಣ್ಣವಾಗಿ ಹರಡಿದರೆ ಅದು ತಿಗಣೆಯ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಪುಡಿಯಾಗಿ ಉದುರಿದರೆ ಕೊಳೆ.

ದೊಡ್ಡ ತಿಗಣೆ 5ರಿಂದ 7 ಮಿಲಿಮೀಟರ್, ಆಕಾರ ಬಣ್ಣ ಎರಡರಲ್ಲೂ ಅಗಸೆ ಬೀಜದ ಹಾಗೆ. ಮರಿ ಒಂದೂವರೆ ಮಿಲಿಮೀಟರ್, ಮಸುಕು ಹಳದಿ, ಬಿಳಿ ಬೆಡ್‌ಶೀಟಿನ ಮೇಲೆ ಕಾಣುವುದೇ ಕಷ್ಟ. ದೊಡ್ಡದಾಗುವ ಮೊದಲು ಐದು ಸಲ ಪೊರೆ ಬಿಡುತ್ತದೆ, ಆದ್ದರಿಂದ ಜೀವಂತ ಹುಳಕ್ಕಿಂತ ಮೊದಲು ಸಿಗುವುದು ಒಣ ಪೊರೆ ಮತ್ತು ಚುಕ್ಕಿ. ಹುಡುಕುವ ಕ್ರಮ ಹೀಗಿರಲಿ. ಲೈಟು ಆರಿಸಿ, ಫೋನ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮೊದಲು ತಲೆಯ ಕಡೆಯ ಎರಡು ಮೂಲೆ: ಬೆಡ್‌ಶೀಟ್ ಮತ್ತು ಪ್ರೊಟೆಕ್ಟರ್ ಎರಡನ್ನೂ ಎತ್ತಿ ಹಾಸಿಗೆಯ ಅಂಚಿನ ದಪ್ಪ ಹೊಲಿಗೆಯನ್ನು ಹೆಬ್ಬೆರಳಿಂದ ಮಗುಚಿ ನೋಡಿ, ಕಂಪನಿಯ ಲೇಬಲ್ಲಿನ ಹಿಂದೆಯೂ ನೋಡಿ. ಆಮೇಲೆ ಮಂಚದ ತಲೆಹಲಗೆ ಮತ್ತು ಗೋಡೆಯ ನಡುವಿನ ಸಂದಿ. ಬಜೆಟ್ ರೂಮುಗಳಲ್ಲಿ ತಲೆಹಲಗೆಯನ್ನು ಗೋಡೆಗೆ ಕೂರಿಸಿಬಿಟ್ಟಿರುತ್ತಾರೆ, ಯಾರೂ ಅದನ್ನು ಬಿಚ್ಚುವುದಿಲ್ಲ, ತಿಗಣೆಗೆ ಅದಕ್ಕಿಂತ ಸುಖದ ಜಾಗ ಬೇರಿಲ್ಲ. ಕೊನೆಗೆ ಪಕ್ಕದ ಮೇಜಿನ ಸ್ಕ್ರೂ ತೂತುಗಳು, ಬ್ಯಾಗ್ ಇಡುವ ಸ್ಟ್ಯಾಂಡಿನ ಪಟ್ಟಿಗಳು. ಎಲ್ಲ ಸೇರಿ ಐದು ನಿಮಿಷ. ಅಷ್ಟು ಹೊತ್ತು ಬ್ಯಾಗು ಬಾತ್‌ರೂಮಿನ ಟೈಲ್ ಮೇಲಿರಲಿ.

ಸಿಕ್ಕಿದರೆ ಬೇರೆ ರೂಮು ಕೇಳಿ, ಆದರೆ ಪಕ್ಕದ್ದು, ಎದುರಿನದು, ಮೇಲಿನದು, ಕೆಳಗಿನದು ಬೇಡ. ವಯರಿಂಗ್ ಕೊಳವೆ, ಪೈಪಿನ ಸಂದಿ ಹಿಡಿದು ಅವು ಗೋಡೆಯಾಚೆಗೆ ಹೋಗುತ್ತವೆ. ಮೇಲೆ ಮುಕ್ಕಾಲಿಂಚು ಹೇಳಿದ್ದನ್ನೂ ಸೇರಿಸಿಕೊಂಡರೆ ಬೇರೆ ಮಹಡಿ, ಬೇರೆ ಸಾಲು.

ಕಚ್ಚಿದ ಗುರುತು ನೋಡಿ ಹೋಟೆಲಿನವರ ಜೊತೆ ವಾದಿಸಬೇಡಿ. ಕೆಲವರಿಗೆ ಗುರುತೇ ಏಳುವುದಿಲ್ಲ, ಕೆಲವರಿಗೆ ಎರಡು ವಾರದವರೆಗೂ ತಡವಾಗಿ ಏಳಬಹುದು, ಹಾಗಾಗಿ ನಿನ್ನೆಯ ರೂಮಿನದೋ ಅದಕ್ಕೂ ಹಿಂದಿನದೋ ಹೇಳಲಾಗುವುದಿಲ್ಲ. ಸೊಳ್ಳೆ, ಚಿಗಟವೂ ಸಾಲಾಗಿ ಕಚ್ಚಬಹುದು. ಹುಳದ ಫೋಟೊ ಇದ್ದರೆ ಮಾತ್ರ ಮಾತು ನಿಲ್ಲುತ್ತದೆ. ಪಕ್ಕದಲ್ಲಿ ನಾಣ್ಯ ಇಟ್ಟು ತೆಗೆಯಿರಿ, ಅಳತೆ ತಿಳಿಯುತ್ತದೆ.

ಕಿಟಕಿಸೀಟು:
ಟೈಲ್ ಮೇಲೆ ತಿಗಣೆ ಹತ್ತುವುದೇ ಇಲ್ಲ ಅಂತಾರಲ್ಲ?

ತಿಗಣೆಪುರಾಣ:
ಅರ್ಧ ಸತ್ಯ. ಮನುಷ್ಯರನ್ನು ಕಾಡುವ ಜಾತಿಗಳು ಎರಡು, ಸೈಮೆಕ್ಸ್ ಲೆಕ್ಟುಲೇರಿಯಸ್ ಮತ್ತು ಉಷ್ಣವಲಯದ ಸೈಮೆಕ್ಸ್ ಹೆಮಿಪ್ಟೆರಸ್. ಮೊದಲನೆಯದು ನುಣುಪಾದ ಮೇಲ್ಮೈಯಲ್ಲಿ ಜಾರುತ್ತದೆ, ಎರಡನೆಯದು ಅದಕ್ಕಿಂತ ಚೆನ್ನಾಗಿ ಹತ್ತುತ್ತದೆ. ಬಾತ್‌ರೂಮ್ ಒಳ್ಳೆಯದು ಅನ್ನುವುದಕ್ಕೆ ನಿಜವಾದ ಕಾರಣ ಅದು ಹಾಸಿಗೆಯಿಂದ ದೂರ, ಅಡಗಲು ಬಟ್ಟೆ-ಮರ ಕಡಿಮೆ. ಹಾರುವುದಿಲ್ಲ, ನೆಗೆಯುವುದಿಲ್ಲ, ಹೆಚ್ಚಿನವು ಮಂಚದ ಎರಡು ಮೀಟರ್ ಸುತ್ತಲೇ ಇರುತ್ತವೆ.

ಗಾಲಿಸೂಟ್‌ಕೇಸ್:
ಒಂದು ಡಬ್ಬ ಸ್ಪ್ರೇ ಇಟ್ಕೊಂಡು ಹೋದ್ರೆ ಸಾಕಲ್ವಾ ಗುರು, ಇಷ್ಟೆಲ್ಲ ಯಾಕೆ?

ತಿಗಣೆಪುರಾಣ:
ಸಾಲದು. ಅಂಗಡಿಯ ಸ್ಪ್ರೇಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಎಂಬ ಕೀಟನಾಶಕ, ಅದಕ್ಕೆ ಎರಡೂ ಜಾತಿಯ ತಿಗಣೆಗಳು ಬಹುಕಡೆ ಒಗ್ಗಿಹೋಗಿವೆ. ಹೊಡೆದರೆ ಸಾಯುವುದಕ್ಕಿಂತ ಚದುರುವುದೇ ಹೆಚ್ಚು, ಆ ಹಾಸಿಗೆಯಲ್ಲಿ ಮಲಗುವವರೂ ನೀವೇ. ಶಬ್ದದಿಂದ ಓಡಿಸುವ ಪ್ಲಗ್ ಯಂತ್ರಗಳಂತೂ ದಂಡ.

ಮನೆಗೆ ಬಂದ ಮೇಲೆ ನಂಬಬೇಕಾದ್ದು ಬಿಸಿಯನ್ನು. 50 ಡಿಗ್ರಿ ದಾಟಿದರೆ ಹುಳವೂ ಮೊಟ್ಟೆಯೂ ಉಳಿಯುವುದಿಲ್ಲ. ಡ್ರೈಯರ್ ಇದ್ದರೆ ಜೋರು ಬಿಸಿಯಲ್ಲಿ 30 ನಿಮಿಷ, ಇಲ್ಲದಿದ್ದರೆ 60 ಡಿಗ್ರಿಯ ನೀರಿನಲ್ಲಿ ಒಗೆತ. ಬಿಸಿ ತಾಳದ ವಸ್ತುವಿಗೆ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಿಸಿಲಿಗಿಡುವುದು ಎಲ್ಲರೂ ಹೇಳುವ ಉಪಾಯ, ಆದರೆ ಗಂಟಿನ ಮೇಲ್ಭಾಗ ಸುಟ್ಟರೂ ನಡುಭಾಗ 50 ಮುಟ್ಟುವುದು ಅಪರೂಪ. ಬ್ಯಾಗಿನ ಹೊಲಿಗೆ, ಜಿಪ್ಪು, ಗಾಲಿಯ ಸಂದಿಗಳಿಗೆ ವ್ಯಾಕ್ಯೂಮ್. ಸಮಾಧಾನದ ಮಾತೊಂದೇ: ತಿಗಣೆ ಮನುಷ್ಯರಿಗೆ ರೋಗ ಹರಡುವುದು ಸಾಬೀತಾಗಿಲ್ಲ.

ಡೆಸ್ಕಿನಾಚೆ:
ರಿಸೆಪ್ಷನ್ ಕೌಂಟರಿನ ಕಡೆಯಿಂದ ನೋಡಿದರೆ ಇವೆಲ್ಲ ಯಾಕೆ ಹಾಗೇ ಉಳಿಯುತ್ತವೆ ಎಂಬುದನ್ನು ಬರೆಯುತ್ತೇನೆ.

ಒಬ್ಬ ಹೌಸ್‌ಕೀಪಿಂಗ್ ಸಿಬ್ಬಂದಿಗೆ ಒಂದು ಪಾಳಿಯಲ್ಲಿ 14ರಿಂದ 16 ರೂಮು ಎನ್ನುವುದು ಮಾಮೂಲಿ ಲೆಕ್ಕ. ಎಂಟು ಗಂಟೆಗೆ ಹಂಚಿದರೆ ರೂಮಿಗೆ ಅರ್ಧ ಗಂಟೆ. ಆದರೆ ಖಾಲಿಯಾದ ರೂಮುಗಳೆಲ್ಲ ಒಟ್ಟಿಗೆ ಬರುತ್ತವೆ: ಚೆಕ್-ಔಟ್ 11ಕ್ಕೆ, ಚೆಕ್-ಇನ್ 2ಕ್ಕೆ ಅಂದರೆ ಮೂರೇ ಗಂಟೆ. ಆ ಹೊತ್ತಿನಲ್ಲಿ ಬೆಡ್‌ಶೀಟ್, ಟವೆಲ್, ಕಮೋಡ್, ಕನ್ನಡಿ, ಕಸ ಇಷ್ಟೇ ಆಗುತ್ತದೆ. ಮುಖ್ಯವಾಗಿ, ಸ್ವಚ್ಛ ಮಾಡುವವರು ರೂಮನ್ನು ನೋಡುವುದು ಹಗಲಲ್ಲಿ, ಎಸಿ ಆರಿಸಿ, ಕಿಟಕಿ ತೆರೆದಿಟ್ಟು. ಅವರು ಅಲ್ಲಿ ಸ್ನಾನ ಮಾಡುವುದಿಲ್ಲ, ರಾತ್ರಿ ಕಳೆಯುವುದಿಲ್ಲ. ಎಸಿಯ ಮಂಜುಗಡ್ಡೆ, ಮೂರು ನಿಮಿಷದ ಬಿಸಿನೀರು, ಪಕ್ಕದವರ ಟಿವಿ ಯಾವುದೂ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಅತಿಥಿ ಹೇಳದೆ ಹೋದರೆ ಅದು ರಿಜಿಸ್ಟರಿಗೆ ಏರುವುದಿಲ್ಲ, ಮರುದಿನ ಅದೇ ರೂಮು ಇನ್ನೊಬ್ಬರ ಪಾಲಿಗೆ.

ಆದ್ದರಿಂದ ಎರಡು ಮಾತು. ಬೆಡ್‌ಶೀಟ್ ಬದಲಾಗಿದೆಯೇ ಎಂದು ನೋಡುವುದು ಸುಲಭ, ಇಸ್ತ್ರಿಯ ಮಡಿಕೆಯ ಗೆರೆ ಉದ್ದಕ್ಕೂ ನೇರವಾಗಿ ಕಾಣಬೇಕು. ಹೊದಿಕೆ, ದಿಂಬಿನ ಒಳಗವಸು, ಮಂಚದ ಮೇಲಿನ ಅಲಂಕಾರದ ಪಟ್ಟಿ ಪ್ರತಿ ಅತಿಥಿಗೂ ಒಗೆಯುವಂಥವಲ್ಲ. ಪಟ್ಟಿಯನ್ನು ತೆಗೆದು ಕುರ್ಚಿಗೆ ಹಾಕಿ. ಹೊದಿಕೆಗೆ ಅಡಿಯಿಂದ ಹಾಕಿಕೊಳ್ಳಲು ಇನ್ನೊಂದು ಬೆಡ್‌ಶೀಟ್ ಕೇಳಿ, ಇಲ್ಲ ಎನ್ನುವವರು ಕಡಿಮೆ. ಕೆಟಲಿನಲ್ಲಿ ಒಮ್ಮೆ ನೀರು ಕುದಿಸಿ ಚೆಲ್ಲಿ, ಆಮೇಲೆ ಬಳಸಿ.

ಎರಡನೆಯದು ಹೊತ್ತು. ದೂರು ಹೇಳುವುದಾದರೆ ಹಾಸಿಗೆ ಕೆಡಿಸುವ ಮೊದಲು, ಬಾತ್‌ರೂಮ್ ಬಳಸುವ ಮೊದಲು ಹೇಳಿ. ಆ ರೂಮನ್ನು ಹಾಗೇ ಇನ್ನೊಬ್ಬರಿಗೆ ಕೊಡಬಹುದು ಎಂದಾದರೆ ಬದಲಿಸಿ ಕೊಡಲು ಡೆಸ್ಕಿಗೆ ಯಾವ ನಷ್ಟವೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಹೇಳಿದರೆ ಖಾಲಿ ರೂಮೇ ಇರುವುದಿಲ್ಲ, ಇದ್ದರೂ ಅದು ‘ರಿಪೇರಿ’ ಎಂದು ಬರೆದಿಟ್ಟ ರೂಮಾಗಿರುತ್ತದೆ. ‘ಈ ರೂಮು ಚೆನ್ನಾಗಿಲ್ಲ’ ಅನ್ನಬೇಡಿ. ‘ಬಚ್ಚಲಿಗೆ ನೀರು ಸುರಿದ ಮೇಲೂ ವಾಸನೆ ಬರುತ್ತಿದೆ, ಬೇರೆ ಸಾಲಿನಲ್ಲಿ ರೂಮು ಕೊಡಿ’ ಅನ್ನಿ. ಕೆಲಸ ಗೊತ್ತಿರುವವರ ಮಾತಿಗೆ ಎದುರುತ್ತರ ಕಡಿಮೆ.

ಪಾದರಸ:
ಟಿವಿ ಶಬ್ದದ ಬಗ್ಗೆ. ಪದಗಳು ಸ್ಪಷ್ಟವಾಗಿ ಕೇಳಿದರೆ ಗೋಡೆ ತೆಳುವಾಗಿದೆ ಎನ್ನುವುದಕ್ಕಿಂತ ಎಲ್ಲೋ ಗಾಳಿ ದಾರಿ ಇದೆ ಎನ್ನುವುದೇ ಹೆಚ್ಚು ಸರಿ. ಫಾಲ್ಸ್ ಸೀಲಿಂಗ್ ವರೆಗೆ ಮಾತ್ರ ಕಟ್ಟಿ ಮೇಲಿನ ಸ್ಲ್ಯಾಬ್ ಮುಟ್ಟಿಸದ ಗೋಡೆ, ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿದ ಸ್ವಿಚ್ ಬಾಕ್ಸುಗಳು, ಎರಡು ರೂಮುಗಳ ನಡುವಿನ ಬಾಗಿಲು. ಧಡ್ ಧಡ್ ಮಾತ್ರ ಕೇಳಿದರೆ ಅದು ಕಟ್ಟಡದ ಮೈಯಲ್ಲೇ ಬರುವ ಶಬ್ದ, ಲಿಫ್ಟು, ಪಂಪು, ಮೇಲಿನವರ ಕಾಲು.

ಬುಕ್ ಮಾಡುವಾಗ ಟಿಪ್ಪಣಿಯ ಜಾಗದಲ್ಲಿ ಬರೆಯಿರಿ: ನಡುವೆ ಬಾಗಿಲಿಲ್ಲದ, ಲಿಫ್ಟು-ಮೆಟ್ಟಿಲಿನಿಂದ ದೂರದ, ಟ್ಯಾಂಕು ಪಂಪಿನ ಕೆಳಗಿಲ್ಲದ ರೂಮು. ಜನರೇಟರ್ ಯಾವ ಬದಿಗಿದೆ ಎಂದೂ ಕೇಳಿ. ಬಾಗಿಲಿನಡಿಯ 15–20 ಮಿಲಿಮೀಟರ್ ಸಂದು ಬೇಕೆಂದೇ ಬಿಟ್ಟದ್ದು, ಬಾತ್‌ರೂಮಿನ ಎಕ್ಸಾಸ್ಟ್ ಎಳೆಯುವ ಗಾಳಿ ಬರುವುದು ಅಲ್ಲಿಂದ. ರಾತ್ರಿ ಟವೆಲ್ ಸುತ್ತಿ ಅಡ್ಡ ಇಟ್ಟರೆ ಕಾರಿಡಾರಿನ ಮಾತು ಗಣನೀಯವಾಗಿ ಇಳಿಯುತ್ತದೆ. ಮಲಗುವ ಕೋಣೆಯ ಒಳಗೆ 30 ಡೆಸಿಬೆಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ; ಒಂದು ಹಳೆಯ ಎಸಿಯೇ ಅದನ್ನು ಮೀರಿಸುತ್ತದೆ ಎನ್ನುವುದು ಬೇರೆ ಮಾತು.

ಫೋಮ್ ಇಯರ್‌ಪ್ಲಗ್ ಕೆಲಸ ಮಾಡಲ್ಲ ಅನ್ನುವವರು ಹಾಕುವ ಕ್ರಮ ತಪ್ಪಿರುತ್ತದೆ. ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತಳ್ಳಿ, ಅರಳುವವರೆಗೆ 30 ಸೆಕೆಂಡ್ ಬೆರಳು ಒತ್ತಿ ಹಿಡಿಯಬೇಕು.

ಗಾಲಿಸೂಟ್‌ಕೇಸ್:
ಗುಪ್ತ ಕ್ಯಾಮೆರಾ? ಕನ್ನಡಿಗೆ ಬೆರಳು ಮುಟ್ಟಿಸಿ ನಡುವೆ ಅಂತರ ಇಲ್ಲದಿದ್ರೆ ಎರಡು ಬದಿಯ ಕನ್ನಡಿ ಅಂತ ಓದಿದ್ದೆ.

ರಾತ್ರಿಪಾಳಿ:
ಆ ಬೆರಳಿನ ಪರೀಕ್ಷೆಯನ್ನು ನಂಬಬೇಡಿ, ಕನ್ನಡಿಯ ಲೇಪ ಯಾವ ಬದಿಗಿದೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ರೂಮು ಕತ್ತಲೆ ಮಾಡಿ ಟಾರ್ಚನ್ನು ಕನ್ನಡಿಗೆ ಒತ್ತಿ ಹಿಡಿದು ಕೈಯಿಂದ ಸುತ್ತ ಮರೆಮಾಡಿ ನೋಡಿ, ಹಿಂದೆ ಜಾಗ ಇದ್ದರೆ ಕಾಣುತ್ತದೆ. ಕ್ಯಾಮೆರಾಕ್ಕೂ ಕತ್ತಲೆಯೇ ಬೇಕು. ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಲೆನ್ಸು ಚುಕ್ಕಿಯಂತೆ ಮಿಂಚುತ್ತದೆ. ಹಾಸಿಗೆ ಅಥವಾ ಶವರಿಗೆ ಮುಖ ಮಾಡಿದ ಗಡಿಯಾರ, ಅಡಾಪ್ಟರ್, ಸ್ಮೋಕ್ ಡಿಟೆಕ್ಟರ್ ಇವನ್ನು ಮೊದಲು ನೋಡಿ. ಕತ್ತಲಲ್ಲೂ ಚಿತ್ರ ತೆಗೆಯುವ ಕ್ಯಾಮೆರಾದ ಇನ್ಫ್ರಾರೆಡ್ ದೀಪ ಎಷ್ಟೋ ಫೋನುಗಳ ಮುಂದಿನ ಕ್ಯಾಮೆರಾದಲ್ಲಿ ಬಿಳಿ-ನೇರಳೆ ಚುಕ್ಕಿಯಾಗಿ ಕಾಣುತ್ತದೆ. ಟಿವಿ ರಿಮೋಟ್ ಒತ್ತಿ ನಿಮ್ಮ ಫೋನಿಗೆ ಅದು ಕಾಣುತ್ತದೆಯೇ ಎಂದು ಮೊದಲು ಪರೀಕ್ಷಿಸಿ. ಸಿಕ್ಕರೆ ಕಿತ್ತುಹಾಕಬೇಡಿ. ಫೋಟೊ ತೆಗೆದು, ರೂಮಿನಿಂದ ಹೊರಬಂದು, ಪೊಲೀಸರಿಗೆ ಫೋನ್ ಮಾಡಿ. ಡೆಸ್ಕಿಗೆ ಆಮೇಲೆ.

ನಿರ್ವಾಹಕ:
ಎರಡು ಪ್ರತಿಕ್ರಿಯೆಗಳಲ್ಲಿದ್ದ ಹೋಟೆಲ್ ಹೆಸರುಗಳನ್ನು ತೆಗೆದಿದ್ದೇನೆ. ವಿಷಯಕ್ಕೆ ಅಂಟಿಕೊಳ್ಳಿ.

ರಸೀದಿಕಟ್ಟು:
ಹಣದ ಮಾತು ಯಾರೂ ಎತ್ತಿಲ್ಲ. ‘ನಾನ್-ರಿಫಂಡಬಲ್’ ಎಂದರೆ ನೀವು ಮನಸ್ಸು ಬದಲಿಸಿದರೆ ಹಣ ಬರುವುದಿಲ್ಲ ಎಂದು. ಪಟ್ಟಿಯಲ್ಲಿ ಹೇಳಿದ ಎಸಿ, ಬಿಸಿನೀರು ಕೊಡದಿದ್ದರೂ ಕೇಳುವಂತಿಲ್ಲ ಎಂದಲ್ಲ. ಆದರೆ ಆ ವ್ಯತ್ಯಾಸವನ್ನು ನೀವು ಕಾಗದದಲ್ಲಿ ತೋರಿಸಬೇಕು.

ಮೊದಲು ಡೆಸ್ಕಿಗೆ ಬಾಯಲ್ಲಿ ಹೇಳಿ, ಕೂಡಲೇ ಅದನ್ನೇ ಆ್ಯಪಿನ ಚಾಟಿನಲ್ಲಿ ಬರೆಯಿರಿ: ರೂಮ್ ನಂಬರ್, ಹೊತ್ತು, ಏನು ತೊಂದರೆ, ಡೆಸ್ಕ್ ಏನೆಂದಿತು. ಇಪ್ಪತ್ತು ಸೆಕೆಂಡಿನ ಒಂದೇ ವಿಡಿಯೊ ಸಾಕು, ರೂಮ್ ನಂಬರಿನಿಂದ ಶುರುವಾಗಿ ಕಡಿಯದೆ ತೊಂದರೆಯವರೆಗೆ ಬರಬೇಕು. ಬಿಡಿ ಫೋಟೊ ಯಾವ ರೂಮಿನದ್ದೆಂದು ಅವರು ಕೇಳುತ್ತಾರೆ. ಪಟ್ಟಿಯಲ್ಲಿದ್ದ ಸೌಲಭ್ಯಗಳ ಸ್ಕ್ರೀನ್‌ಶಾಟ್ ಆ ದಿನವೇ ತೆಗೆದಿಡಿ, ನಾಳೆ ಪುಟ ತಿದ್ದಿರಬಹುದು. ಹೋಟೆಲಿನಲ್ಲಿರುವಾಗಲೇ ಬರೆದ ದೂರಿಗೂ ಮನೆಗೆ ಹೋಗಿ ಬರೆದ ದೂರಿಗೂ ಅಜಗಜಾಂತರ. ಎರಡು ರಾತ್ರಿ ತಂಗಿ ಆಮೇಲೆ ಪೂರ್ತಿ ಹಣ ಕೇಳಿದರೆ ‘ತಂಗಿದ್ದೀರಲ್ಲ’ ಎನ್ನುತ್ತಾರೆ, ಆ ಮಾತಿಗೆ ಬೆಲೆಯೂ ಇದೆ. ಬಿಡುವುದಾದರೆ ಮೊದಲ ರಾತ್ರಿಯೇ ಬಿಡಿ, ಚೆಕ್-ಔಟ್ ಹೊತ್ತು ಬರೆಸಿಕೊಳ್ಳಿ, ಉಳಿದ ರಾತ್ರಿಯ ಹಣ ಕೇಳಿ. ಉಳಿಯುವುದಾದರೆ ಭಾಗಶಃ ಕಡಿತ ಕೇಳಿ, ಮೊತ್ತ ನೀವೇ ಹೇಳಿ.

ಹೋಟೆಲಿನವರು, ಆ್ಯಪಿನವರು ಇಬ್ಬರೂ ಒಪ್ಪದಿದ್ದರೆ, ಕಾರ್ಡಿನಲ್ಲಿ ಕೊಟ್ಟಿದ್ದರೆ, ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕ ಹಣ ವಾಪಸ್, ಕೇಳಬಹುದು. ಕಾರಣದ ಜಾಗದಲ್ಲಿ ‘ಸೇವೆ ವಿವರಣೆಗೆ ತಕ್ಕಂತಿರಲಿಲ್ಲ’ ಎಂಬರ್ಥದ್ದನ್ನು ಆರಿಸಿ. ದೊಡ್ಡ ಕಾರ್ಡ್ ಜಾಲಗಳಲ್ಲಿ ಸಾಮಾನ್ಯವಾಗಿ 120 ದಿನದ ಅವಕಾಶ ಇರುತ್ತದೆ, ಬ್ಯಾಂಕು ತನ್ನ ಕಡೆಯಿಂದ ಕಡಿಮೆ ಮಾಡಿರಬಹುದು, ಆದ್ದರಿಂದ ಬೇಗ ಹಾಕಿ. ಹೋಟೆಲಿನ ಜೊತೆ ಮೊದಲು ಪ್ರಯತ್ನಿಸಿದ್ದಕ್ಕೆ ಸಾಕ್ಷಿ ಕೇಳುತ್ತಾರೆ, ಆ ಚಾಟ್ ಅಲ್ಲಿಗೆ ಬೇಕಾಗುತ್ತದೆ.

ಪಾದರಸ:
ಬುಕ್ ಮಾಡುವ ಮೊದಲೇ ಅರ್ಧ ಜರಡಿ ಹಿಡಿಯಬಹುದು. ವಿಮರ್ಶೆಗಳನ್ನು ‘ಹೊಸದು ಮೊದಲು’ ಇಟ್ಟು ಕಳೆದ ಮೂರು ತಿಂಗಳಿನದು ಮಾತ್ರ ಓದಿ. ಐದು ಸ್ಟಾರು, ಒಂದು ಸ್ಟಾರು ಬಿಟ್ಟು ಎರಡು-ಮೂರು ಸ್ಟಾರಿನವು ನೋಡಿ, ನಿಜವಾದ ವಿವರ ಅಲ್ಲಿರುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ವಾಸನೆ, ಬಿಸಿನೀರು, ತಿಗಣೆ, ಶಬ್ದ ಒಂದೊಂದಾಗಿ ಹಾಕಿ. ಹೋಟೆಲಿನ ಫೋಟೊ ವೈಡ್ ಲೆನ್ಸಿನದು, ಅಂಚಿನಲ್ಲಿರುವ ಮೇಜು ಅಡ್ಡಡ್ಡ ಎಳೆದಂತೆ ಕಂಡರೆ ರೂಮು ನೀವಂದುಕೊಂಡದ್ದರ ಮುಕ್ಕಾಲು ಇರುತ್ತದೆ. ಮಂಚದ ಎರಡೂ ಬದಿಗೆ ಎಷ್ಟು ಜಾಗ ಉಳಿದಿದೆ ನೋಡಿ, ಅದು ಸುಳ್ಳು ಹೇಳುವುದಿಲ್ಲ. ಕಿಟಕಿಯ ಪರದೆ ಎಲ್ಲ ಫೋಟೊಗಳಲ್ಲೂ ಮುಚ್ಚಿದ್ದರೆ ಹಿಂದೆ ಗೋಡೆ ಇದೆ ಅಂತಲೇ ಇಟ್ಟುಕೊಳ್ಳಿ.

ಹಗುರಬ್ಯಾಗು:
ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಕೊನೆಯದೊಂದು: ಚೆಕ್-ಇನ್ ಹೊತ್ತಿಗೆ ಕಾರ್ಡಿನಿಂದ ಡಿಪಾಸಿಟ್ ಅಂತ ಹಿಡಿದ ಮೊತ್ತ ವಾರವಾದರೂ ಮರಳಿಲ್ಲ. ಹೋಟೆಲು ‘ನಾವು ತೆಗೆದೇ ಇಲ್ಲ’ ಅನ್ನುತ್ತದೆ.

ರಸೀದಿಕಟ್ಟು:
ಅದು ಪ್ರೀ-ಆಥರೈಸೇಷನ್ ಆಗಿದ್ದರೆ ಹೋಟೆಲಿನ ಮಾತು ಅಕ್ಷರಶಃ ನಿಜ. ಹಣ ಅವರ ಕೈಗೆ ಹೋಗಿಲ್ಲ, ನಿಮ್ಮ ಬ್ಯಾಂಕೇ ತಡೆಹಿಡಿದಿದೆ. ಹೋಟೆಲು ಬಿಡುಗಡೆ ಕಳಿಸದಿದ್ದರೆ ಅವಧಿ ಮುಗಿದು ತಾನೇ ಬಿಡುವವರೆಗೆ ಕೂರಬೇಕು. ಸ್ಟೇಟ್‌ಮೆಂಟಿನಲ್ಲಿ ‘ಪೆಂಡಿಂಗ್’ ಎಂದಿದೆಯೋ ‘ಪೋಸ್ಟೆಡ್’ ಎಂದಿದೆಯೋ ನೋಡಿ. ಪೆಂಡಿಂಗ್ ಇದ್ದರೆ ಆಥರೈಸೇಷನ್ ಕೋಡ್ ಕೇಳಿ ತೆಗೆದುಕೊಂಡು, ಹೋಟೆಲಿನವರು ಬ್ಯಾಂಕಿಗೆ ಬಿಡುಗಡೆ ಪತ್ರ ಕಳಿಸುವಂತೆ ಮಾಡಿ. ಪೋಸ್ಟೆಡ್ ಇದ್ದರೆ ತೆಗೆದಿದ್ದಾರೆ ಎಂದೇ ಅರ್ಥ, ಆ ಸಾಲಿನ ಸ್ಕ್ರೀನ್‌ಶಾಟ್ ಜೊತೆ ಮೇಲೆ ಬರೆದ ದಾರಿ ಹಿಡಿಯಿರಿ.

ಹಗುರಬ್ಯಾಗು:
ಪೆಂಡಿಂಗ್ ಇದೆ. ಕೋಡ್ ಕೇಳುತ್ತೇನೆ.